ಎರಡೂ ಎಡಗಾಲು

ನನ್ನ ಬಟ್ಟೆ ಕತ್ತರಿಯ ಬಾಯಿಗೆ ಅಂಟು ಮೆತ್ತಿಕೊಂಡಿದೆ. ಅರ್ಧ ಗಂಟೆಯಿಂದ ಎಣ್ಣೆ ಹಚ್ಚಿ ಉಜ್ಜುತ್ತಿದ್ದೇನೆ. ಅಂಟು ಅಲಗು ಬಿಟ್ಟು ನನ್ನ ಬೆರಳಿಗೆ ಬಂದಿದೆಯೇ ಹೊರತು ಮನೆ ಬಿಟ್ಟು ಹೋಗಿಲ್ಲ. ಬಟ್ಟೆ ಕತ್ತರಿಯಿಂದ ಬಟ್ಟೆ, ದಾರ ಬಿಟ್ಟು ಬೇರೇನನ್ನೂ ಕತ್ತರಿಸಬಾರದು ಎಂದು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಗುರುತಿಗೆಂದು ಅದರ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ್ದೇನೆ. ಅದರಿಂದಾದ ಒಂದೇ ಪ್ರಯೋಜನವೆಂದರೆ, ಪಾರ್ಸೆಲ್ ಬಂದ ದಿನ ನಮ್ಮ ಯಜಮಾನರಿಗೆ ಕತ್ತರಿ ಬೇಗ ಕಣ್ಣಿಗೆ ಬೀಳುತ್ತದೆ.

ಈ ಸಲದ ಪಾರ್ಸೆಲಿನಲ್ಲಿ ಇದ್ದದ್ದು ಒಂದು ಅಳತೆ ಟೇಪು. ಹೊಲಿಯುವುದಕ್ಕಲ್ಲ, ಕೊರಳಿಗೆ ಹಾಕಿಕೊಳ್ಳುವುದಕ್ಕೆ.

ತಪ್ಪು ನನ್ನದೇ. ‘ದಿ ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ’ ಎಂಬ ಟಿವಿ ಸ್ಪರ್ಧೆಯನ್ನು ಈ ಮನೆಯೊಳಗೆ ಬಿಟ್ಟುಕೊಂಡವಳು ನಾನು. ಬಿಬಿಸಿ 2013ರಲ್ಲಿ ಶುರು ಮಾಡಿದ್ದು. ಹೊಲಿಗೆಯನ್ನೇ ಕಸುಬು ಮಾಡಿಕೊಂಡವರಿಗೆ ಅಲ್ಲಿ ಜಾಗವಿಲ್ಲ, ಮನೆಯಲ್ಲಿ ಹವ್ಯಾಸಕ್ಕೆ ಹೊಲಿಯುವವರಿಗಷ್ಟೇ ಪ್ರವೇಶ. ‘ಬೀ’ ಎಂದರೆ ಇಲ್ಲಿ ಜೇನ್ನೊಣವಲ್ಲ, ನಾಲ್ಕು ಜನ ಒಟ್ಟಿಗೆ ಕುಳಿತು ಹರಟುತ್ತಾ ಕೆಲಸ ಮಾಡುವ ಕೂಟ. ಇದನ್ನು ನಾನು ಹೇಳಿದ್ದು ಎರಡನೆಯ ಕಂತು ನೋಡುವಾಗ. ಅಲ್ಲಿಯವರೆಗೆ ನಮ್ಮವರು ಜೇನುಗೂಡು ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದರು.

ನಾನು ಅದನ್ನು ನೋಡುತ್ತಿದ್ದದ್ದು ಶುದ್ಧ ಹೊಟ್ಟೆಕಿಚ್ಚಿನಿಂದ. ಆ ಸ್ಪರ್ಧಿಗಳಿಗೆ ಅಗಲವಾದ ಮೇಜು, ಕಾದು ನಿಂತ ಇಸ್ತ್ರಿ ಪೆಟ್ಟಿಗೆ, ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಯಂತ್ರ, ಕೈ ಚಾಚಿದರೆ ಬೇಕಾದ ಬಣ್ಣದ ದಾರ. ನಾನು ಬಟ್ಟೆ ಹರವುವುದು ಊಟದ ಮೇಜಿನ ಮೇಲೆ. ಅದೂ ಎಲ್ಲರೂ ಎದ್ದು, ಒರೆಸಿ, ಒರೆಸಿದ್ದು ಆರಿದ ಮೇಲೆ. ಅವರಲ್ಲಿ ಒಬ್ಬರೂ ಯಂತ್ರದ ಕೆಳದಾರ ಸುತ್ತಿಡುವ ಪುಟ್ಟ ಬಾಬಿನ್ ಹುಡುಕುತ್ತಾ ಮಂಚದ ಕೆಳಗೆ ಬೋರಲು ಮಲಗಿದ್ದನ್ನು ನಾನು ನೋಡಿಲ್ಲ. ತಪ್ಪು ಹೊಲಿಗೆ ಬಿಚ್ಚಲು ನಮಗೆ ಒಂದು ಮಧ್ಯಾಹ್ನ ಬೇಕು, ಅಲ್ಲಿ ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಇನ್ನೊಂದು ಅನ್ಯಾಯ ಕೇಳಿ. 2023ರಲ್ಲಿ ಗೆದ್ದವರು ವೃತ್ತಿಯಿಂದ ಶಸ್ತ್ರಚಿಕಿತ್ಸಾ ತಜ್ಞೆ. ಹೊಲಿಗೆ ಕಸುಬಿನವರನ್ನು ಸೇರಿಸುವುದಿಲ್ಲ ಎಂದ ಮೇಲೆ ಇವರನ್ನು ಹೇಗೆ ಸೇರಿಸಿದರು?

ಪ್ರತಿ ವಾರ ಮೂರು ಸುತ್ತು. ಮೊದಲನೆಯದರಲ್ಲಿ ಎಲ್ಲರಿಗೂ ಒಂದೇ ನಮೂನೆ ಕೊಟ್ಟು ಒಂದೇ ಉಡುಪು ಹೊಲಿಸುತ್ತಾರೆ. ಎರಡನೆಯದರಲ್ಲಿ ಹಳೆಯ ಬಟ್ಟೆ ಮುಂದಿಟ್ಟು ಇದನ್ನು ಹೊಸದಾಗಿಸಿ ಎನ್ನುತ್ತಾರೆ. ಮೂರನೆಯದರಲ್ಲಿ ಜೀವಂತ ಮನುಷ್ಯರನ್ನೇ ತಂದು ನಿಲ್ಲಿಸುತ್ತಾರೆ. ಅವರ ಮೈಯಳತೆಗೆ ಹೊಲಿದು, ಅವರಿಗೇ ತೊಡಿಸಿ, ತೀರ್ಪುಗಾರರ ಮುಂದೆ ನಡೆಸಬೇಕು. ಹೊಲಿಗೆ ಬಲ್ಲವರು ಇದೆಲ್ಲದರಲ್ಲಿ ಹೊಲಿಯುವವರ ಕೈ ನೋಡುತ್ತಾರೆ. ನಮ್ಮವರು ನೋಡಿದ್ದು ತೀರ್ಪುಗಾರರನ್ನು. ಒಬ್ಬರು ಪ್ಯಾಟ್ರಿಕ್ ಗ್ರಾಂಟ್. ಲಂಡನ್ನಿನಲ್ಲಿ ದರ್ಜಿಗಳಿಗೇ ಹೆಸರಾದ ಸ್ಯಾವಿಲ್ ರೋ ಬೀದಿಯ, 1821ರಷ್ಟು ಹಳೆಯ ನಾರ್ಟನ್ ಅಂಡ್ ಸನ್ಸ್ ಎಂಬ ಹೊಲಿಗೆ ಸಂಸ್ಥೆಯನ್ನು 2005ರಲ್ಲಿ ಕೊಂಡು ಮೇಲೆತ್ತಿದವರು. ಇನ್ನೊಬ್ಬರು 2016ರಲ್ಲಿ ಬಂದ ಎಸ್ಮೆ ಯಂಗ್. ಒಂದು ಎಳೆ ಆಚೀಚೆಯಾದರೂ ಆ ಕನ್ನಡಕದಿಂದ ತಪ್ಪಿಸಿಕೊಳ್ಳುವಂತಿಲ್ಲ. ಇಬ್ಬರೂ ಸೇರಿ ಒಂದು ಆಯುಷ್ಯದಲ್ಲಿ ಗಳಿಸಿದ ವಿದ್ಯೆಯನ್ನು ನಮ್ಮವರು ಆರು ಕಂತುಗಳಲ್ಲಿ, ಸೋಫಾ ಬಿಟ್ಟು ಏಳದೆ ಗಳಿಸಿದರು.

ಹೊಲಿಗೆಯ ಜೊತೆ ಅವರಿಗಿದ್ದ ಹಿಂದಿನ ನಂಟನ್ನೂ ಹೇಳಿಬಿಡುತ್ತೇನೆ. ಅಂಗಿಯ ಗುಂಡಿ ಕಿತ್ತರೆ ಅದನ್ನು ಅದೇ ಅಂಗಿಯ ಜೇಬಿನಲ್ಲಿ ಹಾಕಿ, ಅಂಗಿಯನ್ನು ಯಂತ್ರದ ಮೇಲಿಟ್ಟು ಹೋಗುತ್ತಾರೆ. ಮಾತಿಲ್ಲ, ಕಥೆಯಿಲ್ಲ. ಎರಡು ದಿನದ ಮೇಲೆ ಅಂಗಿ ಗುಂಡಿ ಸಮೇತ ಕಪಾಟಿನಲ್ಲಿ ಸಿಗುತ್ತದೆ. ಇದು ಪ್ರಕೃತಿಯ ನಿಯಮವೆಂದು ಅವರು ತಿಳಿದಿದ್ದಾರೆ.

ಅಂಥವರು ಈಗ ಕೈ ಹಿಂದೆ ಕಟ್ಟಿಕೊಂಡು ಮನೆಯೊಳಗೆ ನಡೆದಾಡುತ್ತಾರೆ. ದಿಂಬಿನ ಚೀಲದ ಮುಂದೆ ನಿಲ್ಲುತ್ತಾರೆ. ಬಾಗುತ್ತಾರೆ. ಅಂಚನ್ನು ಎರಡು ಬೆರಳಲ್ಲಿ ಮೆಲ್ಲನೆ ಮಗುಚಿ ಒಳಗಿನ ಹೊಲಿಗೆ ನೋಡಿ, "ಹ್ಞೂಂ" ಎನ್ನುತ್ತಾರೆ. ಆ ಹ್ಞೂಂಕಾರದಲ್ಲಿ ಮೆಚ್ಚುಗೆಯೂ ಇಲ್ಲ, ಬೈಗುಳವೂ ಇಲ್ಲ; ನನ್ನನ್ನು ಮುಂದಿನ ವಾರಕ್ಕೆ ಉಳಿಸಿಕೊಳ್ಳಬೇಕೋ ಮನೆಗೆ ಕಳಿಸಬೇಕೋ ಎಂಬ ಆಲೋಚನೆ ಮಾತ್ರ ಇದೆ. ನಾನು ಇರುವುದೇ ಮನೆಯಲ್ಲಿ ಎಂಬುದು ಅವರಿಗೆ ನೆನಪಿರುವುದಿಲ್ಲ. ಕಿಟಕಿಯ ಪರದೆಯ ನೆರಿಗೆ ಎಣಿಸಿ, ಎಡಗಡೆ ಒಂದು ಕಡಿಮೆ ಎಂದು ಹೇಳಿದವರು ಇವರು. ಆ ಪರದೆ ಹನ್ನೊಂದು ವರ್ಷದಿಂದ ಅಲ್ಲೇ ನೇತಾಡುತ್ತಿದೆ, ಅದರ ಬಣ್ಣ ಯಾವುದೆಂದು ಹಿಂದಿನ ತಿಂಗಳು ಕೇಳಿದ್ದರೆ ಹೇಳುತ್ತಿರಲಿಲ್ಲ.

ಎಲ್ಲಿಂದಲೋ ‘ಫಿನಿಶಿಂಗ್’ ಎಂಬ ಪದವೂ ಹತ್ತಿಕೊಂಡಿದೆ. ಮಡಚಿಟ್ಟ ಬಟ್ಟೆಗೆ ಫಿನಿಶಿಂಗ್ ಸಾಲದು. ಮಗಳ ಕೈಬರಹಕ್ಕೆ ಫಿನಿಶಿಂಗ್ ಇಲ್ಲ. ಕಳೆದ ವಾರ ಮನೆಗೆ ಬಂದ ಅವರ ಕಚೇರಿಯ ಗೆಳೆಯರೊಬ್ಬರು ತಮ್ಮ ತಾಯಿಯ ಕಾಯಿಲೆಯ ವಿಷಯ ಹೇಳುತ್ತಿದ್ದರು. ಇವರು ತಲೆ ಬಾಗಿಸಿ ಗಂಭೀರವಾಗಿ ಕೇಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ ದೃಷ್ಟಿ ಗೆಳೆಯರ ತೋಳಿನ ಮೇಲಿತ್ತು. ಅಂಗಿಯ ಗೆರೆಗಳು ಭುಜದ ಹೊಲಿಗೆಯಲ್ಲಿ ಕೂಡಿ ಬಂದಿವೆಯೇ ಎಂದು ಪರೀಕ್ಷೆ ನಡೆದಿತ್ತು. ಬಂದಿರಲಿಲ್ಲವಂತೆ. ಅವರು ಹೋದ ಮೇಲೆ ಹೇಳಿದರು, ಪುಣ್ಯಕ್ಕೆ.

ಇಷ್ಟನ್ನೂ ಸಹಿಸಬಹುದಿತ್ತು. ಭಾನುವಾರದ ಪೈಜಾಮವನ್ನು ಹೇಗೆ ಸಹಿಸಲಿ?

ಅವರಿಗೊಂದು ಪೈಜಾಮ ಹೊಲಿಯಬೇಕಿತ್ತು. ಸುಲಭದ ಕೆಲಸ: ಎರಡು ಕಾಲು, ಸೊಂಟಕ್ಕೆ ಎಲಾಸ್ಟಿಕ್. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಂದೇ ಏಟಿಗೆ ಕತ್ತರಿಸಿದರೆ ಎಡಗಾಲು ಬಲಗಾಲು ತಾವಾಗಿಯೇ ಜೋಡಿಯಾಗುತ್ತವೆ. ನಾನು ಮಡಿಕೆ ಹಾಕಲು ಹೊರಟಿದ್ದೆ. ಅಷ್ಟರಲ್ಲಿ ಸೋಫಾದಿಂದ ಘೋಷಣೆ ಬಂತು: "ಸ್ಪರ್ಧಿಗಳೇ, ಒಂದೂವರೆ ಗಂಟೆ ಇದೆ!" ಆ ಕಾರ್ಯಕ್ರಮದಲ್ಲಿ ನಿರೂಪಕರು ಕ್ಲೌಡಿಯಾ ವಿಂಕಲ್‌ಮನ್ ಹೋಗಿ ಜೋ ಲೈಸೆಟ್ ಬಂದರು, ಅವರು ಹೋಗಿ ಸಾರಾ ಪಾಸ್ಕೋ ಬಂದರು, ಗಡಿಯಾರ ಮಾತ್ರ ಯಾರನ್ನೂ ಬಿಡಲಿಲ್ಲ. ಮನೆಗೇ ಬಂದುಬಿಟ್ಟಿತು. ಸ್ಪರ್ಧಿ ನಾನೊಬ್ಬಳೇ, ಪೈಜಾಮ ಅವರದೇ, ಆತುರಕ್ಕೆ ಕಾರಣವೇ ಇಲ್ಲ. ಆದರೂ ಯಾರಾದರೂ ಹೊತ್ತು ಎಣಿಸಿದರೆ ಕೈ ನಡುಗುತ್ತದೆ. ಮಡಿಕೆ ಮರೆತೆ. ಒಂದು ಕಾಲು ಕತ್ತರಿಸಿದೆ, ಕಾಗದದ ನಮೂನೆಯನ್ನು ಹಾಗೆಯೇ ಪಕ್ಕಕ್ಕೆ ಸರಿಸಿ ಇನ್ನೊಂದು ಕಾಲು ಕತ್ತರಿಸಿದೆ. ಮಗುಚಿ ಹಾಕಬೇಕಿತ್ತು, ಹಾಕಲಿಲ್ಲ.

ಎರಡೂ ಎಡಗಾಲು. ಬಟ್ಟೆಯ ಒಂದೇ ಮಗ್ಗುಲಿಗೆ ಹೂವಿನ ಅಚ್ಚು ಇದ್ದದ್ದರಿಂದ ತಿರುವಿ ಹಾಕುವ ದಾರಿಯೂ ಇರಲಿಲ್ಲ.

ಅದು ಆಗಲೇ ಗೊತ್ತಾಗಿದ್ದರೆ ಈ ಬರಹ ಇಲ್ಲಿಗೇ ನಿಲ್ಲುತ್ತಿತ್ತು. ಜೋಡಿಸುವಾಗ ಸೊಂಟದ ಬಳಿ ಒಂದು ಕಡೆ ಎರಡು ಬೆರಳಿನಷ್ಟು ಹೆಚ್ಚು ಬಂತು. ಬಟ್ಟೆ ಹಿಗ್ಗಿರಬೇಕು ಎಂದುಕೊಂಡು ಆ ಎರಡು ಬೆರಳನ್ನು ಕತ್ತರಿಸಿ ಬಿಸಾಡಿದೆ. ನಿಜ ಹೇಳಬೇಕೆಂದರೆ, ಬಟ್ಟೆ ಹಿಗ್ಗಿಲ್ಲ ಎಂಬ ಸಣ್ಣ ದನಿ ಒಳಗೆ ಕೇಳಿಸಿತ್ತು. "ಇನ್ನು ಅರ್ಧ ಗಂಟೆ!" ಎಂಬ ದೊಡ್ಡ ದನಿ ಹೊರಗಿನಿಂದ ಬಂದು ಅದನ್ನು ಮುಚ್ಚಿತು.

ಆಮೇಲೆ ಬಾಬಿನ್. ಯಂತ್ರದ ಹೊಲಿಗೆಗೆ ಎರಡು ದಾರ. ಮೇಲಿನದು ಎದುರಿಗೆ ಕಾಣುತ್ತದೆ. ಕೆಳಗಿನದು ಬಾಬಿನ್ನಿನೊಳಗೆ ಸುತ್ತಿಕೊಂಡು ಕತ್ತಲಲ್ಲಿ ಕೂತಿರುತ್ತದೆ. ಎರಡೂ ಬಟ್ಟೆಯ ನಡುವೆ ಕೊಂಡಿ ಹಾಕಿಕೊಂಡರೆ ಮಾತ್ರ ಹೊಲಿಗೆ. ಕೆಳಗಿನ ದಾರ ಮುಗಿಯುವಾಗ ಯಾರಿಗೂ ಹೇಳಿ ಹೋಗುವುದಿಲ್ಲ. ಯಂತ್ರ ಅದೇ ಸದ್ದು ಮಾಡುತ್ತದೆ, ಸೂಜಿ ಅದೇ ಲಯದಲ್ಲಿ ಏರಿಳಿಯುತ್ತದೆ, ಬಟ್ಟೆ ವಿನಯದಿಂದ ಮುಂದೆ ಸರಿಯುತ್ತದೆ. ಆ ದಿನ ಹಿಂಭಾಗದ ಹೊಲಿಗೆಯನ್ನು ನಾನು ಎಷ್ಟು ನೇರವಾಗಿ ಹಾಕಿದೆನೆಂದರೆ, ನನ್ನ ಕೈಗೆ ನಾನೇ ಮಾರುಹೋದೆ. ಎತ್ತಿ ನೋಡಿದರೆ ಹೊಲಿಗೆ ಇರಲಿಲ್ಲ, ತೂತುಗಳ ಒಂದು ಸುಂದರ ಸಾಲು ಇತ್ತು. ಬಾಬಿನ್ ತುಂಬಿ ಅದೇ ಸಾಲಿನ ಮೇಲೆ ಮತ್ತೆ ಹೊಲಿದೆ. ಎಲ್ಲಿಂದ ಎಲ್ಲಿಯವರೆಗೆ ತೂತು, ಎಲ್ಲಿಂದ ಹೊಲಿಗೆ ಎಂದು ಕಣ್ಣಿಗೆ ಸರಿಯಾಗಿ ಕಂಡಿತೆಂದು ನಂಬಿದೆ. ಕಂಡಿರಲಿಲ್ಲ. ಮಧ್ಯೆ ನಾಲ್ಕು ಬೆರಳು ಬಿಟ್ಟುಹೋಯಿತು.

ಮೂರನೆಯ ಸುತ್ತಿಗೆ ನಮ್ಮಲ್ಲಿ ಒಂದು ವಿಶೇಷವಿತ್ತು: ತೊಟ್ಟು ನಡೆಯುವವರೂ ಅವರೇ, ತೀರ್ಪು ಕೊಡುವವರೂ ಅವರೇ. ಪೈಜಾಮ ಹಾಕಿಕೊಂಡು, ಟೇಪು ಕೊರಳಿಗೆ ಇಳಿಬಿಟ್ಟುಕೊಂಡು ಕೋಣೆಯಿಂದ ಹೊರಗೆ ಬಂದರು. ಎಡಗಾಲು ಸರಿಯಾಗಿ ನಮ್ಮ ಕಡೆ ಬರುತ್ತಿತ್ತು. ಬಲಗಾಲಿನ ಬಟ್ಟೆ ಮಾತ್ರ ಏನನ್ನೋ ಮರೆತು ಬಂದವರಂತೆ ವಾಪಸ್ಸು ಹೊರಟಿತ್ತು. ಹಿಂದೆ ಇರಬೇಕಾದ ಸಡಿಲವೆಲ್ಲ ಬಲಗಡೆ ಮುಂದಕ್ಕೆ ಬಂದು ಸಣ್ಣ ಜೋಳಿಗೆಯ ಹಾಗೆ ಜೋತಿತ್ತು. ಮಗಳು ಮುಖಕ್ಕೆ ಪುಸ್ತಕ ಅಡ್ಡ ಹಿಡಿದಳು. ಪುಸ್ತಕ ಅಲುಗಾಡುತ್ತಿತ್ತು.

ಕನ್ನಡಿಯ ಮುಂದೆ ನಿಂತರು. ಹಿಂಭಾಗ ನೋಡಲೆಂದು ತಿರುಗಿದರೆ ಕನ್ನಡಿ ಹಿಂದಾಯಿತು, ಕತ್ತು ತಿರುಗಿಸಿದರೆ ಸೊಂಟವೂ ಜೊತೆಗೆ ತಿರುಗಿತು. ತನ್ನ ಬಾಲ ಹಿಡಿಯಲು ಹೊರಟ ಬೆಕ್ಕಿನ ಹಾಗೆ ಎರಡು ಸುತ್ತು ಹಾಕಿದರು.

"ಬಲಗಡೆ ಏನೋ ಸ್ವಲ್ಪ..."

"ಅದು ಹೊಸ ವಿನ್ಯಾಸ ರೀ," ಎಂದೆ.

"ಹ್ಞೂಂ. ಆದರೆ ಫಿನಿಶಿಂಗ್ ನೋಡಬೇಕು," ಎಂದು ಕೈ ಹಿಂದೆ ಕಟ್ಟಿಕೊಂಡು, ಕಾಲಿನ ಅಂಚು ಪರೀಕ್ಷಿಸಲು ಬಾಗಿದರು.

ನಾಲ್ಕು ಬೆರಳಿನ ಜಾಗದಿಂದ ಶುರುವಾದದ್ದು, ಚರ್ರೆಂದು, ಎಲಾಸ್ಟಿಕ್ಕಿನವರೆಗೂ ಹೋಯಿತು. ತೀರ್ಪುಗಾರರು ಬಾಗಿದ ಭಂಗಿಯಲ್ಲೇ ಸ್ವಲ್ಪ ಹೊತ್ತು ಇದ್ದರು. ಕಟ್ಟಿಕೊಂಡಿದ್ದ ಕೈಗಳು ಆ ಹೊತ್ತಿಗೆ ಸರಿಯಾದ ಜಾಗದಲ್ಲೇ ಇದ್ದವು ಎಂಬುದೊಂದು ಸಮಾಧಾನ.

ನಕ್ಕು ನಕ್ಕು ಕಣ್ಣೀರು ಬಂದದ್ದು ನಿಜ. ಆದರೆ ರಾತ್ರಿ ಅದನ್ನು ಬಿಚ್ಚಿ ಸರಿಮಾಡಲು ಕುಳಿತಾಗ ನಗು ಇರಲಿಲ್ಲ. ಸೂಜಿಯ ಕಣ್ಣು ಕಾಣಲಿಲ್ಲ. ಯಂತ್ರದ ಸೂಜಿಗೆ ಕಣ್ಣಿರುವುದು ಮೊನೆಯ ಹತ್ತಿರ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲೂ ಅಲ್ಲೇ ಇತ್ತು. ಅದರಿಂದಲೇ ಯಂತ್ರ ಹೊಲಿಯುವುದು, ಒಪ್ಪುತ್ತೇನೆ. ಆದರೆ ಅದಕ್ಕೆ ದಾರ ಹಾಕಲು ನಾನು ಯಂತ್ರದ ಮುಂದೆ ಮೂಗು ಇಟ್ಟು ನಮಸ್ಕಾರ ಮಾಡಬೇಕಾಗುತ್ತದೆ. ದಾರದ ತುದಿ ನೆನೆಸಿದೆ, ಹೊಸೆದೆ, ಕತ್ತರಿಸಿದೆ. ದಾರ ಕಣ್ಣಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು.

ಅಮ್ಮ ಹೀಗೆಯೇ ಕರೆಯುತ್ತಿದ್ದಳು. "ಒಂದು ದಾರ ಪೋಣಿಸಿಕೊಟ್ಟು ಹೋಗೇ." ನಾನು ಆಟ ಬಿಟ್ಟು ಬರಬೇಕಾಗುತ್ತಿತ್ತು, ಕಾಲು ಅಪ್ಪಳಿಸುತ್ತಾ ಬರುತ್ತಿದ್ದೆ. ಆಮೇಲೆ ಅವಳು ನಾನು ಶಾಲೆಗೆ ಹೋಗುವ ಮುಂಚೆಯೇ ಹತ್ತು ಸೂಜಿಗಳಿಗೆ ದಾರ ಹಾಕಿಸಿಕೊಂಡು ದಿಂಬಿಗೆ ಸಾಲಾಗಿ ಚುಚ್ಚಿಡುವುದನ್ನು ಕಲಿತಳು, ನನ್ನನ್ನು ಕರೆಯುವುದು ಬೇಡವೆಂದು. ಆ ಸ್ಪರ್ಧೆಯ ಮೊದಲ ಸರಣಿಯನ್ನು ಗೆದ್ದವರು ಆನ್ ರೌಲಿ, 81 ವರ್ಷದವರು. ಅವರು ಯಂತ್ರದ ಮುಂದೆ ಕೂತ ದೃಶ್ಯ ಬಂದಾಗಲೆಲ್ಲ ನನಗೆ ಅವರ ಹೊಲಿಗೆಗಿಂತ ಮೊದಲು ಅವರ ಕಣ್ಣಿನ ಚಿಂತೆಯಾಗುತ್ತದೆ. ದಾರ ಪೋಣಿಸಿಕೊಡಲು ಪಕ್ಕದಲ್ಲಿ ಯಾರಾದರೂ ಇದ್ದರೋ ಇಲ್ಲವೋ.

ಮಗಳನ್ನು ಕರೆದೆ. ಕಿವಿಯಿಂದ ಇಯರ್‌ಫೋನ್ ಒಂದನ್ನು ಮಾತ್ರ ತೆಗೆದು, ಕಾಲು ಅಪ್ಪಳಿಸುತ್ತಾ ಬಂದಳು. ಬಾಗಿದಳು, ಒಂದೇ ಸಲಕ್ಕೆ ಪೋಣಿಸಿದಳು, "ಇಷ್ಟೇನಾ ಅಮ್ಮ?" ಎಂದಳು.

"ಇನ್ನೊಂದು ಒಂಬತ್ತು ಸೂಜಿ ಇವೆ," ಎಂದೆ.

ಬಾಗಿಲ ಬಳಿ ಸೊಂಟಕ್ಕೆ ಟವೆಲ್, ಕೊರಳಿಗೆ ಟೇಪು ಸುತ್ತಿಕೊಂಡು ನಿಂತವರು ಮೊಬೈಲಿನ ಗಡಿಯಾರ ನೋಡಿ, ಸ್ವಲ್ಪ ಅಳುಕಿನಿಂದಲೇ, "ಹತ್ತು ನಿಮಿಷದಲ್ಲಿ ಆಗಬಹುದೇ?" ಎಂದು ಕೇಳಿದರು.