ಟ್ರಾವೆಲ್ ಹಿಸ್ಟರಿ ಇಲ್ಲದ ಹುಲಿ

ನಾದಿಯಾಗೆ ಆಗ ನಾಲ್ಕು ವರ್ಷ. ಜಾತಿಯಲ್ಲಿ ಮಲಯನ್ ಹುಲಿ, ವಾಸ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ. 2020ರ ಮಾರ್ಚ್ ಕೊನೆಯಲ್ಲಿ ಅವಳಿಗೆ ಒಣಕೆಮ್ಮು ಹತ್ತಿಕೊಂಡಿತು. ಊಟ ಸೇರದಾಯಿತು. ಏಪ್ರಿಲ್ 5ಕ್ಕೆ ರಿಪೋರ್ಟ್ ಹೊರಬಿತ್ತು: ಪಾಸಿಟಿವ್. ಬೆಳಗಾಗುವಷ್ಟರಲ್ಲಿ ಎಲ್ಲಿ ನೋಡಿದರೂ ಒಂದೇ ಸುದ್ದಿ, ಹುಲಿಗೂ ಕೊರೊನಾ!

ಆ ‘ಹುಲಿಗೂ’ ಕೊನೆಯಲ್ಲಿ ಒಂದು ‘ಊ’ ಇದೆ ನೋಡಿ, ನನ್ನ ಸಿಟ್ಟೆಲ್ಲ ಅದರ ಮೇಲೆ. ಬೇಡ ಬೇಡ ಅಂದರೂ ಕೇಳದೆ ಊರೆಲ್ಲ ಸುತ್ತಿ, ಗುಂಪಿನಲ್ಲಿ ನುಗ್ಗಿ, ಅಂಟಿಸಿಕೊಂಡು ಬಂದಳು ಅನ್ನುವ ಧಾಟಿ ಆ ಒಂದೇ ಅಕ್ಷರದಲ್ಲಿದೆ. ಆ ದಿನಗಳಲ್ಲಿ ಯಾರಿಗೆ ಪಾಸಿಟಿವ್ ಬಂದರೂ ಮೊದಲು ಕೇಳುತ್ತಿದ್ದದ್ದು ಟ್ರಾವೆಲ್ ಹಿಸ್ಟರಿ ಅಲ್ವಾ? ನಾದಿಯಾಳ ಫಾರಂ ಯಾರಾದರೂ ತುಂಬಿದ್ದರೆ ಹೀಗಿರುತ್ತಿತ್ತು. ಪ್ರಯಾಣದ ವಿವರ: ಮಲಗುವ ಗೂಡಿನಿಂದ ಬಯಲಿಗೆ, ಬಯಲಿನಿಂದ ಗೂಡಿಗೆ. ವಿದೇಶ ಪ್ರವಾಸ: ಇಲ್ಲ, ಮಲಯ ಅನ್ನುವುದು ಹೆಸರಲ್ಲಿ ಮಾತ್ರ. ಭಾಗವಹಿಸಿದ ಸಭೆ ಸಮಾರಂಭ: ಇಲ್ಲ. ಸಂಪರ್ಕಕ್ಕೆ ಬಂದವರು: ಒಡಹುಟ್ಟಿದ ಅಜುಲ್ ಮತ್ತು ದಿನಾ ಮಾಂಸ ತಂದು ಹಾಕುವ ಮನುಷ್ಯರು.

ಮೃಗಾಲಯ ಮಾರ್ಚ್ 16ರಿಂದಲೇ ಬಂದ್ ಆಗಿತ್ತು. ಅವಳು ಕೆಮ್ಮಿದ್ದು ಅದಾದ ಹನ್ನೊಂದು ದಿನಕ್ಕೆ. ಅಂದರೆ ಟಿಕೆಟ್ ಕೊಂಡು ಬರುವ ಜನರದ್ದೂ ತಪ್ಪಿಲ್ಲ. ಲಕ್ಷಣವೇ ಇಲ್ಲದ ಯಾರೋ ಸಿಬ್ಬಂದಿಯಿಂದ ಬಂದಿರಬೇಕು ಎಂದು ಮೃಗಾಲಯದವರೇ ಹೇಳಿದರು. ಪಾಪ, ಆ ಮನುಷ್ಯನಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಬಂದ, ಊಟ ಕೊಟ್ಟ, ಉಸಿರಾಡಿದ. ಪ್ರಾಣಿಗಳಿಗೆ ತಿಂಡಿ ಹಾಕಬೇಡಿ ಎಂದು ಎಲ್ಲ ಕಡೆ ಬೋರ್ಡ್ ಇರುತ್ತದೆ. ಉಸಿರು ಹಾಕಬೇಡಿ ಎಂದು ಯಾರೂ ಬರೆದಿರಲಿಲ್ಲ.

ಇನ್ನು ಟೆಸ್ಟ್. ಮೂಗಿಗೆ ಕಡ್ಡಿ ತೂರಿಸಿದಾಗ ನಾವು ಎಂಥ ರಂಪ ಮಾಡಿದೆವು, ನೆನಪಿದೆಯಾ? ನಾದಿಯಾಗೆ ಅರಿವಳಿಕೆ ಕೊಟ್ಟು ಮಲಗಿಸಿದರು. ಎಕ್ಸ್‌ರೇ, ಅಲ್ಟ್ರಾಸೌಂಡ್, ರಕ್ತ ಪರೀಕ್ಷೆ ಎಲ್ಲ ಆಯಿತು. ಆಮೇಲೆ ಮೂಗು, ಗಂಟಲಿನ ಸ್ಯಾಂಪಲ್. ಜೊತೆಯ ಹುಲಿ ಸಿಂಹಗಳಿಗೆ ಅಷ್ಟೆಲ್ಲ ಬೇಡವೆಂದು ಬರೀ ಹಿಕ್ಕೆ ತೆಗೆದು ಪರೀಕ್ಷೆ ಮಾಡಿದರು. ಕೊನೆಗೆ ಲೆಕ್ಕ ಬಂದದ್ದು ಐದು ಹುಲಿ, ಮೂರು ಸಿಂಹ. ಹೊರಗೆ ನ್ಯೂಯಾರ್ಕಿನಲ್ಲಿ ಜ್ವರ ಬಂದವರಿಗೇ ಟೆಸ್ಟ್ ಸಿಗುತ್ತಿರಲಿಲ್ಲ. ನಮಗಿಲ್ಲದ ಟೆಸ್ಟ್ ಹುಲಿಗೆ ಹೇಗೆ ಸಿಕ್ಕಿತು ಎಂದು ಜನ ರೇಗಿದರು. ಮನುಷ್ಯರ ಟೆಸ್ಟೇ ಬೇರೆ, ಪ್ರಾಣಿಗಳ ಲ್ಯಾಬೇ ಬೇರೆ, ನಿಮ್ಮದನ್ನು ನಾವು ಕಿತ್ತುಕೊಂಡಿಲ್ಲ ಎಂದು ಮೃಗಾಲಯದ ಡಾಕ್ಟರು ಸಮಜಾಯಿಷಿ ಕೊಡಬೇಕಾಯಿತು. ಒಂದು ಹುಲಿ ತನ್ನ ಕೆಮ್ಮಿಗೆ ಕ್ಷಮೆ ಕೇಳಬೇಕಾಗಿ ಬಂದದ್ದು ಬಹುಶಃ ಅದೇ ಮೊದಲು.

ಟೆಸ್ಟಿನ ಮಾತು ಬಂತು ಅಂತ ಹೇಳುತ್ತೇನೆ. ಅದೇ ವರ್ಷ ಮೇ ತಿಂಗಳಲ್ಲಿ ಟಾಂಜಾನಿಯಾದ ಅಧ್ಯಕ್ಷ ಮಗುಫುಲಿ ಅವರು ಮೇಕೆಯ ಸ್ಯಾಂಪಲ್ಲನ್ನೂ ಪಪ್ಪಾಯಿಯ ಸ್ಯಾಂಪಲ್ಲನ್ನೂ ಮನುಷ್ಯರ ಹೆಸರು, ವಯಸ್ಸು ಬರೆಸಿ ಲ್ಯಾಬಿಗೆ ಕಳಿಸಿದ್ದಾಗಿಯೂ, ಪಾಸಿಟಿವ್ ಬಂತೆಂದೂ ಹೇಳಿದರು. ಲ್ಯಾಬ್ ಸರಿಯಿಲ್ಲ ಅನ್ನುವುದು ಅವರ ವಾದ. ಲ್ಯಾಬಿನ ಮುಖ್ಯಸ್ಥರು ಸಸ್ಪೆಂಡ್ ಆದರು. ಪಪ್ಪಾಯಿ ಹೋಂ ಕ್ವಾರಂಟೈನ್‌ನಲ್ಲಿ ಇತ್ತೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಾದಿಯಾಳ ರಿಪೋರ್ಟ್ ಬಂದ ಅದೇ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಇಡೀ ಭಾರತ ಲೈಟ್ ಆರಿಸಿ 9 ನಿಮಿಷ ದೀಪ ಹಚ್ಚಿಕೊಂಡು ನಿಂತಿತ್ತು. ದೀಪ ಸಾಲದೆಂದು ಕೆಲವರು ಪಟಾಕಿಯನ್ನೂ ಹೊಡೆದರು. ಮರುದಿನ ಕೇಂದ್ರ ಮೃಗಾಲಯ ಪ್ರಾಧಿಕಾರದಿಂದ ಎಲ್ಲ ಮೃಗಾಲಯಗಳಿಗೆ ಸುತ್ತೋಲೆ ಹೋಯಿತು. ಪ್ರಾಣಿಗಳ ಮೇಲೆ 24 ಗಂಟೆಯೂ ಸಿಸಿಟಿವಿಯಲ್ಲಿ ಕಣ್ಣಿಡಿ, ವರ್ತನೆಯಲ್ಲಿ ಅಸಹಜವಾದದ್ದು ಏನಾದರೂ ಇದೆಯಾ ನೋಡಿ.

ಪ್ರಾಣಿಗಳ ವರ್ತನೆಯಲ್ಲಿ!

ಸುತ್ತೋಲೆಯಲ್ಲಿ ತಪ್ಪಿರಲಿಲ್ಲ, ಬೇಕಾದದ್ದೇ. ಕಾಳಜಿ ವಹಿಸುವವರು ಪಿಪಿಇ ಹಾಕದೆ ಹತ್ತಿರ ಹೋಗಬಾರದು, ಹುಷಾರಿಲ್ಲದ ಪ್ರಾಣಿಯನ್ನು ಬೇರೆ ಇಡಬೇಕು ಎಂದೆಲ್ಲ ಇತ್ತು. ಆದರೆ ಸಿಸಿಟಿವಿ ಮುಂದೆ ಕೂತವನ ಕಷ್ಟ ಯೋಚಿಸಿ. ಹುಲಿ ದಿನದ ಮುಕ್ಕಾಲು ಪಾಲು ಮಲಗೇ ಇರುತ್ತದೆ. ಬಿದ್ದುಕೊಂಡಿದೆ, ಸುಸ್ತೇ ಇರಬೇಕು. ಎದ್ದು ಗೂಡಿನೊಳಗೆ ಆ ಕಡೆ ಈ ಕಡೆ ಓಡಾಡುತ್ತಿದೆ, ಚಡಪಡಿಕೆ ಇರಬೇಕು. ಸುಮ್ನೆ ಕೂತು ಕ್ಯಾಮೆರಾವನ್ನೇ ನೋಡುತ್ತಿದೆ. ಇದಕ್ಕೆ ಯಾವ ಕಾಲಂ?

ಒಂದು ವರ್ಷ ಹೀಗೇ ಕಳೆಯಿತು. 2021ರ ಮೇ 4ರಂದು ಹೈದರಾಬಾದಿನ ನೆಹರು ಮೃಗಾಲಯದ ಎಂಟು ಏಷ್ಯಾಟಿಕ್ ಸಿಂಹಗಳಿಗೆ ಪಾಸಿಟಿವ್ ಎಂದು ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ತಿಳಿಸಿತು. ದೇಶದಲ್ಲಿ ಮೊದಲ ಪ್ರಕರಣ. ಎರಡನೇ ಅಲೆಯಲ್ಲಿ ಮನುಷ್ಯರಿಗೆ ಉಸಿರಿಲ್ಲದ ದಿನಗಳವು. ಆಗಲೂ ಸುದ್ದಿಯಲ್ಲಿ ಜನ ಕೇಳಿದ ಮೊದಲ ಪ್ರಶ್ನೆ, ಇದು ಸಿಂಹದಿಂದ ನಮಗೆ ಹರಡುತ್ತದಾ? ನಾವೇ ಕೊಟ್ಟ ಸಾಲವನ್ನು ಅದು ವಾಪಸ್ ಕೊಟ್ಟುಬಿಟ್ಟರೆ ಎಂಬ ಭಯ. ಸಿಂಹಗಳು ಅಂಥದ್ದೇನೂ ಮಾಡಲಿಲ್ಲ, ಗುಣವಾದವು.

ಚೆನ್ನೈನ ವಂಡಲೂರಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಜೂನ್ 3ರಂದು ನೀಲಾ ಎಂಬ ಒಂಬತ್ತು ವರ್ಷದ ಸಿಂಹಿಣಿ ಸತ್ತಳು. ಹಿಂದಿನ ದಿನ ಮೂಗಿನಿಂದ ಒಂಚೂರು ಸೋರಿತ್ತು, ಅಷ್ಟೇ. ಎರಡು ವಾರಕ್ಕೆ ಹನ್ನೆರಡು ವರ್ಷದ ಪದ್ಮನಾಥನ್ ಹೆಸರಿನ ಗಂಡು ಸಿಂಹವೂ ಹೋಯಿತು. ಇದರಲ್ಲಿ ನಗುವಂಥದ್ದು ನನಗೇನೂ ಕಾಣಲಿಲ್ಲ. ಮುಂದೆ ಹೋಗೋಣ.

ಬೆಕ್ಕಿನ ಜಾತಿಗೇ ಯಾಕೆ ಜಾಸ್ತಿ ಅಂಟಿತು ಅಂದರೆ, ಈ ವೈರಸ್ ಜೀವಕೋಶದೊಳಗೆ ನುಗ್ಗುವ ಬಾಗಿಲು ಎಸಿಇ2 ಎಂಬ ಪ್ರೋಟೀನ್. ಬೆಕ್ಕು, ಹುಲಿ, ಸಿಂಹಗಳಲ್ಲಿ ಆ ಬಾಗಿಲು ನಮ್ಮದನ್ನೇ ಹೋಲುತ್ತದೆ. ಗೊರಿಲ್ಲಾ ಅಂತೂ ನೆಂಟರೇ. 2021ರ ಜನವರಿಯಲ್ಲಿ ಸ್ಯಾನ್ ಡಿಯಾಗೋದಲ್ಲಿ ಅವೂ ಕೆಮ್ಮಿದವು. ಅದೇ ವರ್ಷದ ಕೊನೆಗೆ ಕತ್ತೆಕಿರುಬನೂ ಪಟ್ಟಿಗೆ ಸೇರಿತು.

ನನಗೆ ಜಾಸ್ತಿ ಇಷ್ಟವಾದದ್ದು ಬೆಲ್ಜಿಯಂನ ಆಂಟ್ವರ್ಪ್ ಮೃಗಾಲಯದ ನೀರಾನೆಗಳ ಕತೆ. ಒಂದರ ಹೆಸರು ಇಮಾನಿ, ಇನ್ನೊಂದರದ್ದು ಹರ್ಮೀನ್. 2021ರ ಕೊನೆಯಲ್ಲಿ ಎರಡಕ್ಕೂ ಮೂಗು ಸೋರತೊಡಗಿತು. ಮೂಗು ಸೋರುವುದಲ್ಲದೆ ಬೇರೆ ಲಕ್ಷಣವೇ ಇಲ್ಲ. ದಿನವಿಡೀ ನೀರಿನಲ್ಲೇ ಮುಳುಗಿ, ಮೂಗು ಮಾತ್ರ ಹೊರಗಿಟ್ಟುಕೊಂಡಿರುವ ಪ್ರಾಣಿ ಅದು. ಅದರ ಮೂಗಿನ ಮೇಲೆ ಯಾವುದು ನೀರು, ಯಾವುದು ನೆಗಡಿ ಎಂದು ಒಬ್ಬರು ಗುರುತಿಸಿದರಲ್ಲ, ಅವರ ಕಣ್ಣಿಗೆ ಶರಣು. ಪರೀಕ್ಷೆ ಮಾಡಿದರೆ ಪಾಸಿಟಿವ್. ಅವುಗಳನ್ನು ನೋಡಿಕೊಳ್ಳುವವರಲ್ಲಿ ಯಾರಿಗೂ ಪಾಸಿಟಿವ್ ಇರಲಿಲ್ಲ. ಹಾಗಾದರೆ ನೀರಾನೆಗೆ ಹೇಳದೇ ಕೇಳದೇ ಬಂದು ಸೀನಿ ಹೋದವರು ಯಾರು? ಆ ಗುಟ್ಟು ಇಮಾನಿಗೆ ಗೊತ್ತಿದ್ದರೂ ಅವಳು ಬಾಯಿ ಬಿಟ್ಟಿಲ್ಲ. ಬಿಡುವಷ್ಟು ದೊಡ್ಡ ಬಾಯಿ ಇದ್ದರೂ.

ಲಸಿಕೆ ಬಂದಾಗಲಂತೂ ಪ್ರಾಣಿಗಳು ನಮ್ಮ ಮಾನ ಪೂರ್ತಿ ಕಳೆದವು. ಝೋಯೆಟಿಸ್ ಎಂಬ ಕಂಪನಿ ಮೃಗಾಲಯಗಳಿಗೆಂದೇ 11,000 ಡೋಸ್ ದಾನ ಕೊಟ್ಟಿತು. 2021ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಮೃಗಾಲಯದಲ್ಲಿ ಜಿಂಜರ್, ಮಾಲಿ ಎಂಬ ಎರಡು ಹುಲಿಗಳು ಮೊದಲ ಡೋಸ್ ಹಾಕಿಸಿಕೊಂಡವು. ಕಟ್ಟಿಹಾಕಿ ಅಲ್ಲ. ತರಬೇತಿ ಕೊಟ್ಟಿದ್ದರು, ತಾವಾಗೇ ಬಂದು ಮೈಯೊಡ್ಡಿದವು. ಆ ಹೊತ್ತಿಗೆ ಹೊರಗೆ ಎರಡು ಕಾಲಿನವರು ಲಸಿಕೆಯೊಳಗೆ ಮೈಕ್ರೋಚಿಪ್ ಇದೆ, ನಮ್ಮನ್ನು ಟ್ರ್ಯಾಕ್ ಮಾಡುತ್ತಾರೆ ಎಂದು ಜಗಳ ಕಾಯುತ್ತಿದ್ದರು. ಮೃಗಾಲಯದ ಎಷ್ಟೋ ಪ್ರಾಣಿಗಳ ಚರ್ಮದಡಿ ನಿಜವಾಗಿಯೂ ಮೈಕ್ರೋಚಿಪ್ ಇರುತ್ತದೆ. ಅವು ಒಂದು ದಿನವೂ ಧರಣಿ ಕೂತಿಲ್ಲ. ನಮ್ಮಲ್ಲಿ ಹರಿಯಾಣದ ಹಿಸಾರ್‌ನ ಸಂಸ್ಥೆ ತಯಾರಿಸಿದ ‘ಅನೊಕೊವ್ಯಾಕ್ಸ್’ ಎಂಬ ಪ್ರಾಣಿಗಳ ಲಸಿಕೆ ಬಿಡುಗಡೆಯಾದದ್ದು 2022ರ ಜೂನ್‌ನಲ್ಲಿ. ನೀಲಾ ಹೋಗಿ ಆಗಲೇ ವರ್ಷವಾಗಿತ್ತು.

ಹುಲಿ ಸಿಂಹಗಳಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ. ಹೆಸರಿಲ್ಲದವುಗಳ ಪಾಡೇ ಬೇರೆ. ಡೆನ್ಮಾರ್ಕಿನಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪುಟ್ಟ ಪ್ರಾಣಿಗಳಿಗೆ ಮನುಷ್ಯರಿಂದ ಸೋಂಕು ಹೋಯಿತು. ಅವುಗಳಿಂದ ತಿರುಗಿ ಮನುಷ್ಯರಿಗೂ ಬಂತು. 2020ರ ನವೆಂಬರ್‌ನಲ್ಲಿ ಸರ್ಕಾರ ಎಲ್ಲವನ್ನೂ ಕೊಲ್ಲಲು ಹೇಳಿತು, 1.5 ಕೋಟಿಗೂ ಜಾಸ್ತಿ. ಕೊಲ್ಲುವ ಕೆಲಸ ಭರದಿಂದ ಶುರುವಾದ ಮೇಲೆ ಒಂದು ವಿಷಯ ಗೊತ್ತಾಯಿತು. ಆರೋಗ್ಯವಾಗಿರುವ ಮಿಂಕ್‌ಗಳನ್ನೂ ಕೊಲ್ಲಿ ಅನ್ನಲು ಕಾನೂನೇ ಇರಲಿಲ್ಲ! ಕೃಷಿ ಸಚಿವರು ರಾಜೀನಾಮೆ ಕೊಟ್ಟರು. ಅಲ್ಲಿಗೂ ಮುಗಿಯಲಿಲ್ಲ. ಗುಂಡಿ ಆಳ ಸಾಲದೆ, ಹೆಣಗಳಲ್ಲಿ ಗಾಳಿ ತುಂಬಿ ಉಬ್ಬಿ, ಮಿಂಕ್‌ಗಳು ಮಣ್ಣು ಸರಿಸಿ ಮೇಲೆದ್ದು ಬಂದವು. ಕಡತದಲ್ಲಿ ಹೂತದ್ದು ಹೊರಗೆ ಬರುವುದನ್ನು ನೋಡಿದ್ದೇವೆ. ಇದು ಅಕ್ಷರಶಃ.

ಹಾಂಗ್‌ಕಾಂಗ್‌ನಲ್ಲಿ 2022ರ ಜನವರಿಯಲ್ಲಿ ಇಲಿಯಂಥ, ಅಂಗೈಯಗಲದ ಹ್ಯಾಮ್‌ಸ್ಟರ್‌ಗಳ ಸರದಿ. ಸುಮಾರು 2,000 ಪ್ರಾಣಿಗಳನ್ನು ಮುಗಿಸುವ ತೀರ್ಮಾನವಾಯಿತು. ಹೊಸದಾಗಿ ಕೊಂಡವರು ತಂದೊಪ್ಪಿಸಬೇಕು, ಸಾಕುಪ್ರಾಣಿಗಳಿಗೆ ಮುತ್ತು ಕೊಡಬಾರದು ಎಂದು ಅಧಿಕಾರಿಗಳು ಹೇಳಿದರು. ಹ್ಯಾಮ್‌ಸ್ಟರ್‌ಗೆ ಮುತ್ತು ಕೊಟ್ಟವನಿಗೆ ಬುದ್ಧಿಮಾತು, ಮುತ್ತು ತಿಂದದ್ದಕ್ಕೆ ಮರಣದಂಡನೆ.

ಬ್ರಾಂಕ್ಸ್ ಮೃಗಾಲಯ 2020ರ ಜುಲೈಯಲ್ಲಿ ಮತ್ತೆ ತೆರೆಯಿತು. ನಾದಿಯಾ ಅಷ್ಟರಲ್ಲಿ ಹುಷಾರಾಗಿದ್ದಳು. ಒಳಗೆ ಬರುವವರಿಗೆ ಮಾಸ್ಕ್ ಕಡ್ಡಾಯ, ದೂರ ದೂರ ನಿಲ್ಲಬೇಕು. ಆಮೇಲೆ ಒಂದೊಂದಾಗಿ ಎಲ್ಲ ದೇಶಗಳ ಮೃಗಾಲಯಗಳೂ ತೆರೆದವು. ಯಾವ ಮೃಗಾಲಯವಾದರೂ ಸರಿ, ಹುಲಿಯ ಗೂಡಿನ ಮುಂದೆ ಒಬ್ಬ ಇದ್ದೇ ಇರುತ್ತಾನೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿರುತ್ತಾನೆ. ಹುಲಿ ಬೆನ್ನು ತಿರುಗಿಸಿ ಮಲಗಿರುತ್ತದೆ. ಅದು ಎದ್ದರಲ್ಲವೇ ಫೋಟೋ ಚೆನ್ನಾಗಿ ಬರುವುದು? ಮೊದಲು ಸೀಟಿ ಹೊಡೆಯಲು ನೋಡುತ್ತಾನೆ, ಮಾಸ್ಕ್ ಅಡ್ಡ ಬರುತ್ತದೆ. ಅದನ್ನು ಗಲ್ಲಕ್ಕೆ ಎಳೆದುಕೊಂಡು, ಸರಳಿನ ಹತ್ತಿರ ಮುಖ ತಂದು, ಎದೆ ತುಂಬ ಉಸಿರೆಳೆದುಕೊಂಡು, ಹುಲಿಗೆ ಒಂದು ಸಲ ಜೋರಾಗಿ ಘರ್ಜಿಸಿ ತೋರಿಸುತ್ತಾನೆ.