ಸ್ಪಷ್ಟನೆ: ಶೇ 99.99 ಲಭ್ಯತೆ ಎಂದರೆ ಪೂರ್ಣ ವೇಗವಲ್ಲ

‘ಎರಡು ಸರ್ವರ್ ಜೋಡಿಸಿದರೆ ಶೇ 99.99 ಲಭ್ಯತೆ ಸಿಗುತ್ತದೆ, ಗ್ರಾಹಕರು ಕಾಯಬೇಕಾಗಿಲ್ಲ’ ಎಂಬ ಸಂದೇಶವೊಂದು ಉಡುಪಿಯ ಸಹಕಾರಿ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಲಭ್ಯತೆ ಎಂದರೆ ಒಟ್ಟು ಸಮಯದಲ್ಲಿ ವ್ಯವಸ್ಥೆ ಚಾಲನೆಯಲ್ಲಿರುವ ಪಾಲು. ಸಂದೇಶದ ಮೊದಲ ಮಾತು ಲೆಕ್ಕಕ್ಕೆ ಸರಿ, ಎರಡನೆಯದು ತಪ್ಪು.

ಪ್ರತಿ ಸರ್ವರ್ ಶೇ 99ರಷ್ಟು ಕಾಲ ಸುಸ್ಥಿತಿಯಲ್ಲಿದ್ದು, ಒಂದರ ದೋಷಕ್ಕೂ ಇನ್ನೊಂದರ ದೋಷಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಂಡರೆ, ಎರಡೂ ಒಟ್ಟಿಗೆ ನಿಲ್ಲುವುದು ವರ್ಷಕ್ಕೆ ಸುಮಾರು 53 ನಿಮಿಷ ಮಾತ್ರ. (ಒಂದೇ ಸಿಡಿಲಿಗೆ ಎರಡೂ ಕೆಡಬಹುದಾದ ನಮ್ಮ ಕರಾವಳಿಯಲ್ಲಿ ಇದೂ ಹೆಚ್ಚಿನ ನಿರೀಕ್ಷೆಯೇ.) ಆದರೆ ಒಂದು ಕೆಟ್ಟು ಇನ್ನೊಂದೇ ಸರ್ವರ್ ದುಡಿಯುವ ಅವಧಿ ವರ್ಷಕ್ಕೆ ಸುಮಾರು 173 ಗಂಟೆ, ಅಂದರೆ ಏಳು ದಿನಕ್ಕೂ ಮಿಗಿಲು. ಆಗ ಸೆಕೆಂಡಿಗೆ 10 ಕೋರಿಕೆ ಪೂರೈಸಬಲ್ಲ ಯಂತ್ರಕ್ಕೆ 12 ಬಂದರೆ ಪ್ರತಿ ನಿಮಿಷಕ್ಕೆ 120 ಕೋರಿಕೆ ಬಾಕಿ ಬೀಳುತ್ತಾ ಹೋಗುತ್ತವೆ. ಕೌಂಟರ್ ಮುಂದೆ ಪಾಸ್‌ಬುಕ್ ಹಿಡಿದು ನಿಂತವರ ಸಾಲು ಬೆಳೆಯುತ್ತಿದ್ದರೂ ಲಭ್ಯತೆಯ ವರದಿಯಲ್ಲಿ ವ್ಯವಸ್ಥೆ ‘ಚಾಲನೆಯಲ್ಲಿದೆ’ ಎಂದೇ ದಾಖಲಾಗುತ್ತದೆ.

ವೇಗ ಮತ್ತು ವಿಶ್ವಾಸಾರ್ಹತೆಯನ್ನು ಬೇರೆ ಬೇರೆಯಾಗಿ ಅಳೆದರೆ ಈ ಸ್ಥಿತಿ ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಎಫ್. ಮೇಯರ್ 1980ರ ಲೇಖನದಲ್ಲಿ ವಿವರಿಸಿದ ‘ಪರ್ಫಾರ್ಮಬಿಲಿಟಿ’ ಎಂಬ ಮಾನದಂಡವು, ಪ್ರತಿ ಸ್ಥಿತಿಯಲ್ಲಿ ಎಷ್ಟು ಕೆಲಸ ಸಾಗುತ್ತದೆ ಮತ್ತು ಆ ಸ್ಥಿತಿಯ ಸಂಭವ ಎಷ್ಟು ಎಂಬೆರಡನ್ನೂ ಒಟ್ಟಿಗೇ ಲೆಕ್ಕಹಾಕುತ್ತದೆ. ಸಂಘಗಳು ಖರೀದಿಗೆ ಮುನ್ನ, ಒಂದೇ ಸರ್ವರ್ ಉಳಿದಾಗ ವ್ಯವಹಾರವೊಂದಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಕೇಳಿ ಪಡೆಯಬೇಕು.