ಇಂಟರಾಕ್ ಇದ್ದ ಮಾತ್ರಕ್ಕೆ ಆ ಕ್ಯಾಸಿನೊ ಲೀಗಲ್ ಅಲ್ಲ

ಟೊರೊಂಟೊ ಕಡೆ ಓದೋಕೆ ಹೋದ ನಮ್ಮ ಹುಡುಗರ ವಾಟ್ಸಾಪಿನಲ್ಲಿ ಒಂದು ಮಾತು ಓಡಾಡುತ್ತಿದೆ: ಇಂಟರಾಕ್ (ಕೆನಡಾದ ಬ್ಯಾಂಕುಗಳ ನಡುವೆ ದುಡ್ಡು ಕಳಿಸುವ ವ್ಯವಸ್ಥೆ) ತಗೊಳ್ಳುವ ಆನ್‌ಲೈನ್ ಕ್ಯಾಸಿನೊ ಎಲ್ಲಾ ಸರ್ಕಾರ ಒಪ್ಪಿದ್ದು, ದುಡ್ಡು ಹೋದರೆ ಬ್ಯಾಂಕಿಗೆ ಹೇಳಿ ವಾಪಸ್ ಪಡೆಯಬಹುದು ಅಂತ. ಎರಡೂ ತಪ್ಪು.

ಇಂಟರಾಕ್ ದುಡ್ಡು ಕಳಿಸುವ ದಾರಿ ಅಷ್ಟೇ. ಹೊರದೇಶದ ಸೈಟುಗಳೂ ನಡುವೆ ಇನ್ನೊಂದು ಕಂಪನಿ ಇಟ್ಟುಕೊಂಡು ಅದನ್ನೇ ಬಳಸುತ್ತವೆ. ಪರಿಚಯದ ಹುಡುಗನೊಬ್ಬ ತನ್ನ ಬ್ಯಾಂಕ್ ಆ್ಯಪ್ ತೋರಿಸಿದ, ಹಣ ಹೋದ ಕಡೆ ಕ್ಯಾಸಿನೊ ಹೆಸರೇ ಇರಲಿಲ್ಲ, ಯಾವುದೋ ಗೊತ್ತಿಲ್ಲದ ಹೆಸರು. ಇಂಟರಾಕ್‌ನಲ್ಲಿ ಕಳಿಸಿದ ದುಡ್ಡು, ಅಂದರೆ ಇ-ಟ್ರಾನ್ಸ್‌ಫರ್, ಒಮ್ಮೆ ಆ ಕಡೆ ಜಮಾ ಆದರೆ ನೀವು ಕ್ಯಾನ್ಸಲ್ ಮಾಡೋಕೆ ಆಗಲ್ಲ, ಅವರಿಗೆ ಆಟೊಡೆಪಾಸಿಟ್ (ಬಂದ ದುಡ್ಡು ತಾನಾಗಿಯೇ ಖಾತೆಗೆ ಸೇರುವ ಸೌಲಭ್ಯ) ಇದ್ದರೆ ಕೂಡಲೇ ಜಮಾ ಆಗಿಬಿಡುತ್ತದೆ.

"ಡೀಲರ್ ಕ್ಯಾಮೆರಾ ಮುಂದೆ ಲೈವ್ ಆಗಿ ಇಸ್ಪೀಟ್ ಎಲೆ ಹಾಕ್ತಾರಲ್ಲ, ಮೋಸ ಹೇಗೆ?" ಅಂತಲೂ ಕೇಳುತ್ತಾರೆ. ಆ ಟೇಬಲ್ ಸಾಮಾನ್ಯವಾಗಿ ಬೇರೆ ಸ್ಟುಡಿಯೊ ಕಂಪನಿಯದು, ಒಂದೇ ಟೇಬಲ್ ಹತ್ತಾರು ಸೈಟಿನಲ್ಲಿ ಕಾಣುತ್ತದೆ. ಎಲೆ ಸರಿಯಾಗಿಯೇ ಬಿದ್ದಿರಬಹುದು, ಆದರೆ ಗೆದ್ದ ದುಡ್ಡು ಕೊಡಬೇಕಾದ್ದು ಸೈಟಿನವರು ಅಲ್ವಾ?

ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2022ರ ಏಪ್ರಿಲ್ 4ರಿಂದ ಆನ್‌ಲೈನ್ ಕ್ಯಾಸಿನೊ ನಡೆಸಲು ಖಾಸಗಿ ಕಂಪನಿಗಳಿಗೂ ಅನುಮತಿ ಇದೆ. ಅನುಮತಿ ಇರುವವರ ಪಟ್ಟಿ ಐಗೇಮಿಂಗ್ ಒಂಟಾರಿಯೊ ಅನ್ನುವ ಸರ್ಕಾರಿ ಸಂಸ್ಥೆಯ ಸೈಟಿನಲ್ಲೇ ಸಿಗುತ್ತದೆ. ವಯಸ್ಸು 19 ಆಗಿರಬೇಕು. ಆ ಸೈಟುಗಳು ಕ್ರಿಪ್ಟೊ ತಗೊಳ್ಳುವಂತಿಲ್ಲ, ಹಾಗಾಗಿ ಬಿಟ್‌ಕಾಯಿನ್ ಹಾಕಿ ಅಂತ ಕೇಳಿದರೆ ಅದು ಪಟ್ಟಿಯ ಸೈಟಲ್ಲ. ಆ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಇದನ್ನು ಹೇಳಿ.